ಮುಳ್ಳುಹಂದಿಗಾಗಿ ಒಂದು ಪ್ರಾರ್ಥನೆ

ದರ್ಜಿ ತೀರಿಕೊಂಡ ಮೇಲೆ ಅವನ ಹೆಂಡತಿಗೆ ಪ್ರಾರ್ಥನೆ ಬತ್ತಿಹೋಯಿತು. ಬಾವಿ ಬತ್ತುವುದನ್ನು ಕಂಡವರಿಗೆ ಅದು ಹೇಗೆಂದು ಗೊತ್ತು. ಒಂದೇ ದಿನಕ್ಕೆ ಬತ್ತುವುದಿಲ್ಲ. ಕೊಡ ಮುಳುಗುವಷ್ಟಿದ್ದದ್ದು ಚೊಂಬು ಮುಳುಗುವಷ್ಟಾಗಿ, ಆಮೇಲೆ ಹಗ್ಗದ ತುದಿ ಮಾತ್ರ ಒದ್ದೆಯಾಗಿ ಮೇಲೆ ಬರುತ್ತದೆ. ಮದುವೆಯಾದಂದಿನಿಂದ ಮಲಗುವ ಮುಂಚೆ ಮಂಡಿಯೂರಿ, ಚರ್ಚಿನ ಸಭೆಯವರಿಗೆ, ಊರವರಿಗೆ, ಪಕ್ಕದ ಮನೆಯ ಬಸುರಿಗೆ, ಎದುರು ಮನೆಯ ಕುಡುಕನಿಗೆ ಎಂದು ಒಬ್ಬರನ್ನೂ ಬಿಡದೆ ಬೇಡಿಕೊಳ್ಳುತ್ತಿದ್ದವಳು ಅವಳು. ಈಗ ಮಂಡಿಯೂರಿದರೆ ಬಾಯಿಗೆ ಒಂದೇ ಮಾತು ಬರುತ್ತಿತ್ತು. ಅದೂ ಅವಳದಲ್ಲ, ಗಂಡನದು.

“ಕರ್ತನೇ, ಮುಳ್ಳುಹಂದಿಗೆ ನಿದ್ದೆ ಕೊಡು.”

ಈ ಮಾತು ಅವರ ಮನೆಗೆ ಬಂದದ್ದು ಕಡಲಾಚೆಯಿಂದ. ಅಲ್ಲಿನ ಒಂದು ಸಭೆಯವರು ಪ್ರತಿ ಬೇಸಿಗೆಯಲ್ಲೂ ಮಕ್ಕಳಿಗಾಗಿ ಶಿಬಿರ ನಡೆಸುತ್ತಿದ್ದರು. ದರ್ಜಿ ಅಲ್ಲಿಗೆ ಸ್ವಯಂಸೇವಕನಾಗಿ ಹೋಗುತ್ತಿದ್ದ. ಬೋಧನೆ ಮಾಡಲು ಅವನಿಗೆ ಬರುತ್ತಿರಲಿಲ್ಲ. ಹಾಡಲು ಬಾಯಿ ತೆರೆದರೆ ಕಾಗೆಗಳು ಸಂಬಂಧ ಕೇಳಿಕೊಂಡು ಬರಬೇಕು, ಅಂಥ ಗಂಟಲು. ಆದರೆ ಮಕ್ಕಳು ಸೇರಿದಲ್ಲಿ ಬಟ್ಟೆ ಹರಿಯುತ್ತದೆ, ಗುಂಡಿ ಕಿತ್ತುಹೋಗುತ್ತದೆ, ಚಡ್ಡಿಯ ಲಾಡಿ ಒಳಗೆ ಸೇರಿಕೊಳ್ಳುತ್ತದೆ. ಹೊಲಿಯುವವನೊಬ್ಬ ಬೇಕೇ ಬೇಕಲ್ಲ? ಅದು ಅವನ ಪಾಲಿನ ಸೇವೆಯಾಯಿತು.

ಅಲ್ಲಿನ ಮಕ್ಕಳ ಹೆಸರು ಮಾತ್ರ ಅವನ ನಾಲಗೆಗೆ ಹೊರಳಲಿಲ್ಲ. ಹೆಸರು ಕೆಡಿಸಿ ಕರೆಯುವುದಕ್ಕಿಂತ ಹೊಸದೊಂದು ಕೊಡುವುದೇ ಮರ್ಯಾದೆ ಎಂದುಕೊಂಡು, ಉಳಿದ ತುಂಡುಬಟ್ಟೆಯಲ್ಲಿ ಒಂದೊಂದು ಪ್ರಾಣಿ ಕತ್ತರಿಸಿ ಮಕ್ಕಳ ಅಂಗಿಯ ಎದೆಗೆ ಹೊಲಿದ. ತನ್ನ ಭಾಷೆಯಲ್ಲೇ ಹೆಸರನ್ನೂ ಇಟ್ಟ. ಆಮೆ, ಬಾತು, ಗೂಬೆ, ಓತಿಕ್ಯಾತ.

“ಆದಾಮನೂ ಇದೇ ಕೆಲಸ ಮಾಡಿದ್ದು ಕಣೇ,” ಎಂದು ಹೆಂಡತಿಗೆ ಹೇಳುತ್ತಿದ್ದ. “ಅವನ ಮುಂದೆ ದೇವರು ಪ್ರಾಣಿಗಳನ್ನ ನಿಲ್ಲಿಸಿದ, ನನ್ನ ಮುಂದೆ ಮಕ್ಕಳನ್ನ. ಗಲಾಟೆಯಲ್ಲಿ ಏನೂ ವ್ಯತ್ಯಾಸ ಇಲ್ಲ.”

ಊರಿಗೆ ಮರಳಿದ ಮೇಲೂ ಮಲಗುವ ಮುಂಚೆ ಒಂದೊಂದು ದಿನ ಒಂದೊಂದು ಪ್ರಾಣಿಗಾಗಿ ಬೇಡಿಕೊಳ್ಳುತ್ತಿದ್ದ. ಗೂಬೆಗೆ ಗಣಿತ ತಲೆಗೆ ಹತ್ತಲಿ, ಬಾತಿನ ಕಿವಿ ಸೋರುವುದು ನಿಲ್ಲಲಿ. ಅವರೆಲ್ಲ ಬಂದು ಹೋಗುವ ನೆಂಟರು. ಮುಳ್ಳುಹಂದಿ ಮಾತ್ರ ತಪ್ಪದೆ ಇರುತ್ತಿತ್ತು.

“ಯಾರ್ರೀ ಅದು ಮುಳ್ಳುಹಂದಿ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಇದೆ ಒಂದು ಬಡಪಾಯಿ,” ಎಂದು ಅವನು ದೀಪ ಆರಿಸಿದ್ದ.

ಅವಳಿಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು. ಅವರಿಗೆ ಇದ್ದದ್ದು ಒಬ್ಬಳೇ ಮಗಳು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಎದೆಗೆ ಕಫ ಕಟ್ಟಿ ಜ್ವರ ಬಂತು. ಹಗಲು ಇವಳು, ರಾತ್ರಿ ಅವನು ಎಂದು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕುಳಿತರು. ಒಂದು ಮಧ್ಯಾಹ್ನ, ಇವಳ ಪಾಳಿಯಲ್ಲಿ, ಮಗು ಹೋಯಿತು. ಇವಳು ಎದೆ ಬಡಿದುಕೊಂಡು ಅತ್ತಳು, ಅತ್ತು ದಣಿದು ಮಲಗಿದಳು. ಆಮೇಲಿನ ವರ್ಷಗಳಲ್ಲಿ ನಿದ್ದೆಯೇ ಅವಳ ತವರುಮನೆಯಾಯಿತು. ತಲೆ ದಿಂಬಿಗೆ ಸೋಕಿದರೆ ಸಾಕು, ಬೆಳಗಾಗುವವರೆಗೂ ಲೋಕವಿಲ್ಲ. ಅವನೋ, ಮಗಳ ಮಣ್ಣು ಮುಗಿಸಿ ಬಂದ ವಾರದಲ್ಲೇ ಹೊಲಿಗೆಯಂತ್ರದ ಮುಂದೆ ಕುಳಿತ. ಅವಳ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮಗಳ ಹೆಸರು ಅವನ ಬಾಯಲ್ಲಿ ಬರಲಿಲ್ಲ. ಆದರೆ ಯಾವುದೋ ದೇಶದ ಯಾರದೋ ಮಗುವಿಗೆ ನಿದ್ದೆ ಬರಲಿ ಎಂದು ದಿನವೂ ಮಂಡಿಯೂರುತ್ತಿದ್ದ. ‘ಮನೆಗೆ ಮಾರಿ, ಪರರಿಗೆ ಉಪಕಾರಿ’ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡು, ಅಂದುಕೊಂಡದ್ದಕ್ಕೆ ಮರುಗಿ, ಮಗ್ಗುಲು ಬದಲಿಸುತ್ತಿದ್ದಳು.

ಅವನೂ ಹೋದಾಗ ಸಭಾಪಾಲಕರು ಅವಳ ಪಕ್ಕ ಕುಳಿತು ಮೆತ್ತಗೆ ಹೇಳಿದರು: “ಅಮ್ಮಾ, ಹೋದವರು ಕರ್ತನ ಕೈ ಸೇರಿದ್ದಾರೆ. ಇನ್ನು ಅವರಿಗಾಗಿ ಏನೂ ಬೇಡಬೇಕಾಗಿಲ್ಲ. ಅದು ನಮ್ಮ ಪದ್ಧತಿಯೂ ಅಲ್ಲ. ಇರೋರಿಗಾಗಿ ಬೇಡ್ಕೊಳ್ಳಿ.”

ಮಾತು ಸರಿಯಾಗಿಯೇ ಇತ್ತು. ಅವಳು ಒಪ್ಪಿಕೊಂಡಳು. ಆದರೆ ಬಾಯಿ ತೆರೆದರೆ ಮೊದಲು ಬರುವ ಹೆಸರನ್ನೇ ಹೇಳಬಾರದೆಂದ ಮೇಲೆ ಮಿಕ್ಕ ಹೆಸರುಗಳೂ ಮುನಿಸಿಕೊಂಡು ಹಿಂದೆ ಸರಿದವು. ಗಂಡ ಬಿಟ್ಟುಹೋದ ಆ ಒಂದು ಮಾತು ಮಾತ್ರ ಉಳಿಯಿತು. ಅದನ್ನೇ ಹೇಳಿ ಹೇಳಿ ಅವಳಿಗೆ ಆ ಮಗುವಿನ ಮೇಲಿದ್ದ ಹೊಟ್ಟೆಕಿಚ್ಚು ಕರಗಿ ಹಂಬಲವಾಯಿತು. ಅದಕ್ಕೀಗ ಎಷ್ಟು ವಯಸ್ಸೋ! ಅವನು ತಲೆ ಸವರಿರುತ್ತಾನೆ. ಆ ತಲೆಯನ್ನು ತಾನೂ ಒಮ್ಮೆ ಮುಟ್ಟಿದರೆ ಅವನ ಅಂಗೈಯ ಬಿಸಿ ಒಂದಿಷ್ಟು ಅಲ್ಲಿ ಉಳಿದಿದ್ದೀತೇನೋ. ಮರು ಬೇಸಿಗೆ ಬರುವ ಹೊತ್ತಿಗೆ ಅವಳು, ದರ್ಜಿಯ ಬದಲಿಗೆ ನಾನು ಬರುತ್ತೇನೆ, ಕಾಜಾ ಗುಂಡಿ ತೇಪೆ ಎಲ್ಲ ಬರುತ್ತದೆ ಎಂದು ಸಭೆಯ ಮೂಲಕ ಹೇಳಿಕಳಿಸಿದಳು.

ನಾದಿನಿ ಬಾಯಿಬಾಯಿ ಬಡಿದುಕೊಂಡಳು. “ಮೆಟ್ಟಿಲು ಹತ್ತೋಕೆ ‘ಅಪ್ಪಾ, ಅಮ್ಮಾ’ ಅಂತೀರಿ, ವಿಮಾನ ಹತ್ತುತೀರಾ ಅತ್ತಿಗೆ?”

“ವಿಮಾನ ತಾನೇ ಮೇಲೆ ಹತ್ತುತ್ತೆ ಕಣಮ್ಮಾ. ನಾನು ಸುಮ್ಮನೆ ಕೂತಿರೋದು.”

“ಅಲ್ಲಿ ಹೋಗಿ ಯಾರ ಹತ್ರ ಮಾತಾಡ್ತೀರಿ? ಅವರ ಭಾಷೆ ಬರುತ್ತಾ?”

“ನಿಮ್ಮಣ್ಣನ ಹತ್ರ ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ಅವರು ಎಷ್ಟು ಮಾತಾಡ್ತಿದ್ರು ಹೇಳು?”

ನಾದಿನಿಗೆ ನಗು ಬಂತು, ನಗುತ್ತಲೇ ಅತ್ತಳು. ಪೆಟ್ಟಿಗೆ ಕಟ್ಟಿಕೊಟ್ಟಳು.

ಶಿಬಿರ ಒಂದು ಕೆರೆಯ ದಂಡೆಯ ಮೇಲಿತ್ತು. ಮರದ ಹಲಗೆಯ ಉದ್ದನೆಯ ಕೊಠಡಿಗಳು, ಎರಡಂತಸ್ತಿನ ಮಂಚಗಳು, ಕಿಟಕಿಯ ಸರಳಿನ ಮೇಲೆಲ್ಲ ಒಣಹಾಕಿದ ಟವೆಲುಗಳು. ಊಟದ ಮನೆಯ ಪಕ್ಕದಲ್ಲಿ ಹೊಲಿಗೆಯ ಕೋಣೆ. ಕೋಣೆಯೆಂದರೆ ಕೋಣೆ, ಒಬ್ಬರು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಯಂತ್ರದ ಕುರ್ಚಿಯ ಮೇಲೆ ಮಡಿಸಿದ ಗೋಣಿಚೀಲ ಹಾಸಿತ್ತು. ಮನೆಯಲ್ಲೂ ಅವನು ಹಾಗೇ ಹಾಸಿಕೊಳ್ಳುತ್ತಿದ್ದ. ಅದರ ಮೇಲೆ ಕೂರಲು ಅವಳಿಗೆ ಮೊದಲ ದಿನ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೈಹೊಲಿಗೆಯಲ್ಲೇ ಕಳೆದಳು.

ದುಭಾಷಿಯಾಗಿ ಇದ್ದವಳು ಒಬ್ಬ ನರ್ಸು. ದರ್ಜಿಯ ಹೆಂಡತಿಯ ಭಾಷೆಯವಳೇ, ಮದುವೆಯಾಗಿ ಆ ದೇಶ ಸೇರಿದವಳು. ಶಿಬಿರಕ್ಕೆ ಅದೇ ವರ್ಷ ಹೊಸದಾಗಿ ಬಂದಿದ್ದಳು. ತನ್ನ ಮಾತು ತಿಳಿಯುವ ಒಂದು ಕಿವಿ ಸಿಕ್ಕಿದ ಸಂತೋಷಕ್ಕೆ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಶಿಬಿರದ ಯಜಮಾನಿತಿಯನ್ನು ತೋರಿಸಿದ್ದೂ ಅವಳೇ. ಯಜಮಾನಿತಿ ಹಿಂದೆ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದವಳು, ಆಳೆತ್ತರದ ಹೆಂಗಸು, ಕೊರಳಲ್ಲಿ ಸದಾ ಒಂದು ಸೀಟಿ.

“ಅವರಿಗೆ ನಿಮ್ಮ ಯಜಮಾನ್ರು ಸೀಟಿ ಅಂತಾನೇ ಹೆಸರಿಟ್ಟಿದ್ರಂತೆ. ಮಕ್ಕಳೆಲ್ಲ ನಮ್ಮ ಭಾಷೆಯಲ್ಲೇ ‘ಸೀಟಿ, ಸೀಟಿ’ ಅಂತ ಕರೀತಾವೆ. ಏನೋ ಬಿರುದು ಅಂದ್ಕೊಂಡಿದ್ದಾರೆ, ಪಾಪ. ನಾನು ಅರ್ಥ ಹೇಳಕ್ಕೆ ಹೋಗಿಲ್ಲ.”

ಸೀಟಿ ಬಂದು ದರ್ಜಿಯ ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು, ಏನೋ ಹೇಳಲು ಹೋಗಿ ಬಿಟ್ಟಳು. ಅಷ್ಟರಲ್ಲಿ ಯಾವನೋ ಮರ ಹತ್ತಿದ್ದನೆಂದು ಓಡಿದಳು.

ಮಕ್ಕಳು ಬಂದರು, ಹರಿದದ್ದನ್ನೆಲ್ಲ ಹೊತ್ತುಕೊಂಡು ಬಂದರು. ಹಳಬರ ಎದೆಯ ಮೇಲೆ ಗಂಡನ ಕೈಕೆಲಸ ಕಂಡಿತು. ಅಕ್ಕನ ಅಂಗಿ ತಂಗಿಗೆ ಇಳಿದು, ಆಮೆಯ ಬಣ್ಣ ಮಾಸಿ, ಆದರೂ ಹೊಲಿಗೆ ಒಂದೆಳೆ ಬಿಟ್ಟಿರಲಿಲ್ಲ. ಮೂಲೆಯಲ್ಲಿ ದಾರ ಎರಡು ಸಲ ಸುತ್ತಿ ಮುಗಿಸುವುದು ಅವನ ಅಭ್ಯಾಸ. ಅವಳು ಕನ್ನಡಕ ಸರಿಮಾಡಿಕೊಂಡು ಆ ಮೂಲೆಯನ್ನೇ ಬೆರಳಿಂದ ಸವರುತ್ತಿದ್ದಳು. ಮಕ್ಕಳಿಗೆ ಕಚಗುಳಿಯಾಗಿ ನಗುತ್ತಿದ್ದವು.

“ಏನಮ್ಮಾ, ಒಬ್ಬೊಬ್ಬರ ಎದೆ ಅಷ್ಟು ಹತ್ತಿರದಿಂದ ನೋಡ್ತೀರಿ?” ಎಂದು ನರ್ಸು ಕೇಳಿದಳು. “ದಡಾರ ಎದ್ದಿದೆಯಾ ಅಂತಾನಾ? ಅದು ನನ್ನ ಇಲಾಖೆ ರೀ, ಅದಕ್ಕೂ ಕೈ ಹಾಕಬೇಡಿ.”

“ಹೊಲಿಗೆ ನೋಡ್ತಿದ್ದೆ,” ಎಂದಳು ಅವಳು.

ನೋಡುತ್ತಿದ್ದದ್ದು ಮುಳ್ಳುಹಂದಿಯನ್ನು. ಯಾರನ್ನೂ ಕೇಳಲು ಬಾಯಿ ಬರಲಿಲ್ಲ. ಗಂಡ ಅಷ್ಟು ವರ್ಷ ಗುಟ್ಟಾಗಿ ಕಾಪಾಡಿಕೊಂಡ ಮಗುವನ್ನು ಬೀದಿಯಲ್ಲಿ ಕೂಗಿ ಹರಾಜು ಹಾಕುವುದೇ? ಕಂಡರೆ ಗೊತ್ತಾಗದೇ? ಅಲ್ಲದೆ ಒಂದು ಭಯವೂ ಇತ್ತು. ಕೇಳಿದರೆ ‘ಅದು ಈ ವರ್ಷ ಬಂದಿಲ್ಲ’ ಎಂದುಬಿಟ್ಟರೆ?

ಕೊನೆಗೆ ಒಬ್ಬ ಹುಡುಗಿಯ ಮೇಲೆ ಅವಳಿಗೆ ಅನುಮಾನ ಬಂತು. ಸಣ್ಣ ಮೈ, ನೆಟ್ಟಗೆ ನಿಂತ ಕೂದಲು, ಬಾಚಣಿಗೆ ಮುರಿಯುವಂಥದ್ದು. ಎದೆಯ ಪ್ರಾಣಿ ಕಿತ್ತುಹೋಗಿ ದಾರದ ಗುರುತು ಮಾತ್ರ ಉಳಿದಿತ್ತು. ಊಟವಾದ ಮೇಲೆ ಮಕ್ಕಳು ಸ್ವಲ್ಪ ಹೊತ್ತು ಮಲಗಬೇಕೆಂಬುದು ಶಿಬಿರದ ನಿಯಮ. ಅವಳು ಆ ಹುಡುಗಿಯ ಮಂಚದ ಹತ್ತಿರ ಹೋಗಿ ಕುಳಿತಳು. ಎಷ್ಟೋ ವರ್ಷಗಳಿಂದ ಮಗುವಿನ ಬೆನ್ನು ತಟ್ಟದ ಕೈ ಅಂಜುತ್ತ ಅಂಜುತ್ತ ಬೆನ್ನ ಮೇಲೆ ಇಳಿಯಿತು. ಒಂದು ಹಳೆಯ ಸ್ತೋತ್ರದ ರಾಗ ತಾನಾಗಿ ಗಂಟಲಿಗೆ ಬಂತು. ಅದರ ಮೊದಲ ಸಾಲು ಮುಗಿಯುವ ಮುಂಚೆಯೇ ಹುಡುಗಿ ಬಾಯಿ ತೆರೆದು, ಜೊಲ್ಲು ಸುರಿಸಿ, ಗೊರಕೆ ಹೊಡೆಯತೊಡಗಿದಳು. ಗೊರಕೆ ಸಾಮಾನ್ಯದ್ದಲ್ಲ, ಪಕ್ಕದ ಮಂಚದವರು ದಿಂಬು ಎಸೆಯುವಂಥದ್ದು.

ದರ್ಜಿಯ ಹೆಂಡತಿ ಕೈ ಹಿಂದೆಗೆದುಕೊಂಡಳು. ‘ಇದು ನಿದ್ದೆ ಬಾರದ ಪೈಕಿ ಅಲ್ಲ, ನನ್ನ ಪೈಕಿ’ ಎಂದು ನಗು ಬಂತು. ಎದ್ದು ಹೋಗಿ ಯಂತ್ರದ ಮುಂದಿನ ಗೋಣಿಚೀಲದ ಮೇಲೆ ಕುಳಿತಳು.

ಸಂಜೆ ಊಟಕ್ಕೆ ಮೊದಲು ಹುಲ್ಲಿನ ಮೇಲೆ ಎಲ್ಲರೂ ದುಂಡಗೆ ಕೂತು ಪ್ರಾರ್ಥನೆ ಮಾಡುವುದು ವಾಡಿಕೆ. ಅಲ್ಲಿಯವರೆಗೆ ಅವಳು ಅದಕ್ಕೆ ಹೋಗಿರಲಿಲ್ಲ, ಕೆಲಸದ ನೆವ ಹೇಳಿ ತಪ್ಪಿಸಿಕೊಂಡಿದ್ದಳು. ಪ್ರಾರ್ಥನೆ ಬತ್ತಿದವರಿಗೆ ಪ್ರಾರ್ಥನೆಯ ಗುಂಪಿನಲ್ಲಿ ಕೂರುವುದು ಹಸಿದವರು ಊಟದ ಪಂಕ್ತಿಯಲ್ಲಿ ಎಲೆಯಿಲ್ಲದೆ ಕೂತ ಹಾಗೆ. ಅಂದು ನರ್ಸು ಕೈ ಹಿಡಿದು ಎಳೆದುಕೊಂಡೇ ಹೋದಳು.

ಮಕ್ಕಳು ಒಬ್ಬೊಬ್ಬರಾಗಿ ಎದ್ದು ಎರಡು ಮಾತು ಹೇಳಿ ಕೂರುತ್ತಿದ್ದವು. ನೀರು ಹರಿದ ಹಾಗೆ ಅನ್ಯಭಾಷೆ. ಗೊರಕೆಯ ಹುಡುಗಿ ಎದ್ದು ನಿಂತಳು. ಅವಳ ಗಡಿಬಿಡಿ ಮಾತಿನ ನಡುವೆ, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಲ್ಲ, ಪರದೇಶದ ಸಂತೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದ ಹಾಗೆ, ಎರಡು ಮಾತು ಕೇಳಿಸಿದವು.

“ಮುಳ್ಳುಹಂದಿ... ನಿದ್ದೆ.”

“ಆಮೆನ್!” ಎಂದು ಎಲ್ಲ ಮಕ್ಕಳೂ ಕೂಗಿದರು. ಮಿಕ್ಕ ಪ್ರಾರ್ಥನೆಗಳಿಗಿಂತ ಜೋರಾಗಿ.

ಅವಳು ನರ್ಸಿನ ಮೊಣಕೈ ಗಟ್ಟಿಯಾಗಿ ಹಿಡಿದಳು. “ಏನಂದಳು ಅವಳು?”

“ಅಯ್ಯೋ, ಉಗುರು ಚುಚ್ತಿದೆ ಅಮ್ಮಾ! ಅದನ್ನ ದಿನಾ ಒಬ್ಬರಲ್ಲ ಒಬ್ಬರು ಹೇಳ್ತಾರೆ. ನಾನೂ ನಿಮ್ಮನ್ನ ಕೇಳಬೇಕು ಅಂತಿದ್ದೆ.”

“ಮುಳ್ಳುಹಂದಿ ಯಾರು? ಎಲ್ಲಿ ಕೂತಿದೆ? ಕೇಳು, ಬೇಗ ಕೇಳು.”

ನರ್ಸು ಕೇಳಿದಳು. ಹುಡುಗಿ ಇಬ್ಬರು ದೊಡ್ಡವರನ್ನೂ ದಡ್ಡರನ್ನು ನೋಡುವ ಹಾಗೆ ನೋಡಿ, ಹೊಲಿಗೆಯ ಕೋಣೆಯ ಕಡೆಗೆ ಬೆರಳು ತೋರಿಸಿದಳು. ತನ್ನ ಗಲ್ಲವನ್ನು ಅಂಗೈಯಿಂದ ಉಜ್ಜಿಕೊಂಡು, ಚುಚ್ಚಿದ ಹಾಗೆ ಮುಖ ಕಿವುಚಿದಳು. ಸುತ್ತಲಿನ ಮಕ್ಕಳೂ ಅದನ್ನೇ ಮಾಡಿ ನಕ್ಕವು.

ಸೀಟಿ ಎದ್ದು ಬಂದಳು. ಅವಳ ಮುಖ ಬಿಳಿಚಿತ್ತು. ಮಕ್ಕಳನ್ನು ಹಾಡಲು ಹಚ್ಚಿ ಇಬ್ಬರನ್ನೂ ಹೊಲಿಗೆಯ ಕೋಣೆಗೆ ಕರೆದುಕೊಂಡು ಹೋದಳು. ಅವಳು ಹೇಳಿದ್ದನ್ನು ನರ್ಸು ನಿಂತು ನಿಂತು ಹೇಳುತ್ತ ಹೋದಳು. ತಮಾಷೆಯ ಧ್ವನಿ ಎಲ್ಲೋ ಹೋಗಿತ್ತು.

“‘ಎಲ್ಲರಿಗೂ ಹೆಸರಿಟ್ರಿ, ನಿಮಗೆ ಮಾತ್ರ ಯಾಕಿಲ್ಲ’ ಅಂತ ಮಕ್ಕಳು ನಿಮ್ಮವರನ್ನ ಹಿಡ್ಕೊಂಡ್ರಂತೆ. ಎತ್ತಿಕೊಂಡ್ರೆ ಗಡ್ಡ ಚುಚ್ಚುತ್ತಿತ್ತಂತಲ್ಲಮ್ಮಾ ಅವರದು. ಗಲ್ಲ ತೋರಿಸಿ, ಮುಳ್ಳಿರೋ ಪ್ರಾಣಿಗೆ ನಿಮ್ಮಲ್ಲಿ ಏನಂತಾರೆ ಅಂತ ಕೇಳಿ, ಅದನ್ನೇ ಇಟ್ರಂತೆ. ಮುಳ್ಳುಹಂದಿ ಅಂದ್ರೆ... ನಿಮ್ಮ ಯಜಮಾನ್ರೇ ಅಮ್ಮಾ.”

ದರ್ಜಿಯ ಹೆಂಡತಿ ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡಳು.

“ಒಂದು ದಿನ ಮಕ್ಕಳು, ನಿಮ್ಮ ಕಣ್ಣು ಯಾಕೆ ಯಾವಾಗಲೂ ಕೆಂಪು ಅಂತ ಕೇಳಿದ್ವಂತೆ. ರಾತ್ರಿ ನಿದ್ದೆ ಬರಲ್ಲ ಅಂದ್ರಂತೆ. ಯಾಕೆ ಅಂದ್ರೆ, ಇಲ್ಲಿನ ಹರಕುಮುರುಕು ಮಾತು, ಕೈಸನ್ನೆ ಎರಡೂ ಸೇರಿಸಿ, ‘ನನಗೂ ನಿಮ್ಮಷ್ಟೇ ದೊಡ್ಡ ಮಗಳಿದ್ದಳು. ಅವಳಿಗೆ ಕೆಮ್ಮು. ರಾತ್ರಿ ಕಾವಲು ನಂದು. ಅವಳು ಹೋದ್ಮೇಲೂ ಕಿವಿ ಮುಚ್ಚಲಿಲ್ಲ. ಈಗ ಕೆಮ್ಮುತ್ತಾಳೆ, ಈಗ ಕೆಮ್ಮುತ್ತಾಳೆ ಅಂತ ಕಾಯ್ತಾನೇ ಇರ್ತೀನಿ’ ಅಂದ್ರಂತೆ. ಅವತ್ತು ಮಕ್ಕಳು ಸುತ್ತ ಕೂತು ಅವರಿಗಾಗಿ ಬೇಡ್ಕೊಂಡ್ರು. ಅವತ್ತಿಂದ ನಿಲ್ಲಿಸಿಲ್ಲ. ಇಲ್ಲೇ ಕೂತು ಅತ್ರಂತೆ ಅಮ್ಮಾ, ಈ ಕುರ್ಚಿ ಮೇಲೆ.”

“ನನಗೆ ಹೇಳಬಹುದಿತ್ತಲ್ಲ,” ಎಂದಳು ಅವಳು. ಯಾರನ್ನು ಕೇಳಿದಳೋ.

ನರ್ಸು ಅದನ್ನೂ ತರ್ಜುಮೆ ಮಾಡಿದಳು. ಸೀಟಿ ನಿಧಾನವಾಗಿ ಉತ್ತರ ಕೊಟ್ಟಳು.

“ಇವರೂ ಅದನ್ನೇ ಕೇಳಿದ್ರಂತೆ. ‘ಅವಳೊಬ್ಬಳಾದರೂ ಮಲಗಿದ್ದಾಳೆ, ಎಬ್ಬಿಸೋದು ಬೇಡ’ ಅಂದ್ರಂತೆ ನಿಮ್ಮವರು.”

ಹೊರಗೆ ಮಕ್ಕಳ ಹಾಡು ಮುಗಿದು ಇನ್ನೊಂದು ಹಾಡು ಶುರುವಾಯಿತು. ಅವಳಿಗೆ ಕಂಡದ್ದು ತನ್ನ ಮನೆಯ ಮಂಚ. ಮಗ್ಗುಲಲ್ಲಿ ತಾನು ಕುಂಭಕರ್ಣನ ತಂಗಿಯ ಹಾಗೆ ಬಿದ್ದುಕೊಂಡಿರುವುದು. ಒಂದು ಗೇಣಿನಾಚೆ ಅವನು ಕತ್ತಲೆಗೆ ಕಿವಿಕೊಟ್ಟು ಮಲಗಿರುವುದು. ಕೈ ಚಾಚಿದ್ದರೆ ಸಿಗುತ್ತಿದ್ದ. ಅಷ್ಟು ವರ್ಷ, ಕೈ ಚಾಚಿದ್ದರೆ ಸಿಗುತ್ತಿದ್ದ. ಹಗಲಿನವಳು ಬಂದು ‘ಸಾಕು, ಎದ್ದೇಳಿ, ಇನ್ನು ನಾನು ನೋಡ್ಕೋತೀನಿ’ ಎನ್ನದೆ ರಾತ್ರಿಯವನು ಕಾವಲು ಬಿಟ್ಟು ಏಳುವುದು ಹೇಗೆ?

ಇನ್ನೊಂದೂ ಅವಳಿಗೆ ಹೊಳೆಯಿತು. ಸಭಾಪಾಲಕರ ಮಾತಿಗೆ ತಲೆಬಾಗಿ ಗಂಡನ ಹೆಸರು ಬಿಟ್ಟಿದ್ದಳು. ಬಿಟ್ಟು, ದಿನವೂ ಮಂಡಿಯೂರಿ ಬೇರೆ ಯಾರಿಗೂ ಅಲ್ಲ, ಅವನೊಬ್ಬನಿಗಾಗಿಯೇ ಬೇಡಿದ್ದಳು.

ಸೀಟಿಗೆ ಹೇಳಬೇಕಾದದ್ದು ಇನ್ನೂ ಮುಗಿದಿರಲಿಲ್ಲ. “ಅವರು ತೀರಿಕೊಂಡದ್ದು ಮಕ್ಕಳಿಗೆ ಗೊತ್ತಿಲ್ಲವಂತೆ,” ಎಂದಳು ನರ್ಸು. “ಮುಂದಿನ ವರ್ಷ ಬರ್ತಾರೆ ಅಂದ್ಕೊಂಡಿವೆ. ಹೇಳಕ್ಕೆ ಇವರಿಗೆ ಬಾಯಿ ಬರಲಿಲ್ಲವಂತೆ. ಇವರ ಮೇಲೆ ಬೇಜಾರು ಮಾಡ್ಕೋಬೇಡಿ ಅಮ್ಮಾ. ನೀವು ಬೇಡ ಅಂದ್ರೆ ಹೇಳೋದು ಬೇಡ.”

“ನಾನು ಹೇಳ್ತೀನಿ,” ಎಂದು ಅವಳು ಎದ್ದಳು.

ಮಕ್ಕಳು ಹುಲ್ಲಿನ ಮೇಲೆ ಇನ್ನೂ ದುಂಡಗೆ ಕೂತಿದ್ದವು. ಅವಳು ನಡುವೆ ಕುರ್ಚಿ ಹಾಕಿಸಿಕೊಳ್ಳಲಿಲ್ಲ. ಗೊರಕೆಯ ಹುಡುಗಿಯ ಪಕ್ಕ ಜಾಗ ಮಾಡಿಸಿಕೊಂಡು, ಮೊಣಕಾಲು ಹಿಡಿದುಕೊಂಡು, ನೆಲದ ಮೇಲೇ ಕುಳಿತಳು. ಅವಳು ಒಂದು ಮಾತು, ನರ್ಸು ಒಂದು ಮಾತು.

“ನಿಮ್ಮ ಮುಳ್ಳುಹಂದಿ ನನ್ನ ಗಂಡ. ಅವರು ಸತ್ತುಹೋದ್ರು. ಕಾಯಿಲೆ ಬಂತು, ಹೆಚ್ಚು ನರಳಲಿಲ್ಲ. ನಿಮಗೆ ಹೇಳೋಣ ಅಂತ ನಾನು ಬಂದಿದ್ದೀನಿ.”

ಕೆಲವು ಮಕ್ಕಳು ನೆಲ ನೋಡಿದವು. ಬಾತು ಎನ್ನುವವನು, ಈಗ ಮೀಸೆ ಚಿಗುರುವ ವಯಸ್ಸಿನವನು, ಅತ್ತ ತಿರುಗಿ ಕುಳಿತ. ಸಣ್ಣದೊಂದು ಜೋರಾಗಿ ಅತ್ತಿತು, ಅದನ್ನು ಕಂಡು ಇನ್ನೊಂದು. ಅವಳೂ ಅತ್ತಳು. ಮಕ್ಕಳ ಜೊತೆ ಅಳುವುದು ಸುಲಭ, ಯಾರೂ ಯಾರನ್ನೂ ಸಮಾಧಾನ ಮಾಡಲು ಬರುವುದಿಲ್ಲ.

ಆಮೇಲೆ ಗೊರಕೆಯ ಹುಡುಗಿ ಮೂಗು ಒರೆಸಿಕೊಂಡು ಏನೋ ಕೇಳಿದಳು.

“ಏನಂತೆ?”

ನರ್ಸು ಅವಳ ಕಡೆಗೆ ಬಾಗಿದಳು. “‘ಹಾಗಾದ್ರೆ ಇನ್ನು ನಾವು ಅವರಿಗಾಗಿ ಏನು ಕೇಳ್ಕೊಳ್ಳೋದು?’ ಅಂತಿದ್ದಾಳೆ ಅಮ್ಮಾ.”

ಎಲ್ಲ ಮಕ್ಕಳೂ ಅವಳ ಮುಖ ನೋಡಿದವು. ಸೀಟಿಯೂ ನೋಡಿದಳು. ಊರಲ್ಲಿ ಇದೇ ಪ್ರಶ್ನೆ ಅವಳ ಎದೆಯ ಮೇಲೆ ಕೂತಿದ್ದಾಗ ಕೇಳಲು ಯಾರೂ ಇರಲಿಲ್ಲ. ಈಗ ಉತ್ತರ ಹೇಳುವವಳು ತಾನೇ ಆಗಿಬಿಟ್ಟಿದ್ದಳು. ಸಭಾಪಾಲಕರ ಮಾತು ಮೀರಲು ಅವಳಿಗೆ ಮನಸ್ಸಿರಲಿಲ್ಲ. ದೇವರ ವಾಕ್ಯ ಓದಿದವರು ಅವರು, ತಾನು ಕಾಜಾ ಹೊಲಿಯುವವಳು. ಆದರೆ ಸತ್ತವರಿಗಾಗಿ ಬೇಡಬಾರದೆಂದು ಅವರು ಹೇಳಿದ್ದುಂಟು. ಸತ್ತವರಿಗೆ ಒಂದು ಸುದ್ದಿ ಮುಟ್ಟಿಸೆಂದು ದೇವರಿಗೆ ಹೇಳಬಾರದೆಂದು ಯಾರೂ ಹೇಳಿರಲಿಲ್ಲ.

“ಏನೂ ಕೇಳೋದು ಬೇಡ ಮಗಳೇ,” ಎಂದಳು. “ಒಂದು ಮಾತು ಹೇಳಿ ಕಳಿಸೋಣ.”

ಅವಳು ಮಂಡಿಯೂರಿದಳು. ಹುಲ್ಲಿನ ತೇವ ಬಟ್ಟೆಗೆ ಹತ್ತಿತು. ಕಣ್ಣು ಮುಚ್ಚಿದಾಗ ಬಾಯಿಗೆ ಏನೂ ಬರಲಿಲ್ಲ. ಮಕ್ಕಳು ಕಾದವು. ಆ ಹುಡುಗಿ ತನ್ನ ಜಿಡ್ಡು ಕೈಯನ್ನು ಅವಳ ಬೆನ್ನ ಮೇಲಿಟ್ಟು ತಟ್ಟತೊಡಗಿದಳು, ಮಧ್ಯಾಹ್ನ ಕಲಿತದ್ದನ್ನು ಒಪ್ಪಿಸುವವಳ ಹಾಗೆ.

“ಕರ್ತನೇ,” ಎಂದಳು ಅವಳು. ಇಷ್ಟು ದಿನದ ಮೇಲೆ ಅದು ಅವಳದೇ ಧ್ವನಿಯಾಗಿತ್ತು. “ನಮ್ಮವರು ನಿನ್ನ ಹತ್ರ ಇದ್ದಾರೆ. ಮಗಳೂ ಇದ್ದಾಳೆ. ಅವಳ ಕೆಮ್ಮು ವಾಸಿಯಾಗಿರುತ್ತೆ, ಅದು ನನಗೆ ಗೊತ್ತು. ಇವರಿಗೆ ಮಾತ್ರ ನಂಬಿಕೆ ಬಂದಿರೋದಿಲ್ಲ, ಅಲ್ಲೂ ಅವಳ ಪಕ್ಕ ಕೂತೇ ಇರ್ತಾರೆ. ನನಗೆ ಈಗ ಎಚ್ಚರವಾಗಿದೆ, ತಡವಾಯ್ತು, ಆದರೂ ಎದ್ದಿದ್ದೀನಿ. ಇನ್ನು ನನ್ನ ಪಾಳಿ ಅಂತ ಅವರಿಗೆ ಹೇಳಪ್ಪಾ.”

ನರ್ಸು ತರ್ಜುಮೆ ಮಾಡಲು ಬಾಯಿ ತೆರೆದಳು, ಆಗಲಿಲ್ಲ. ಮಕ್ಕಳು ಕಾಯಲಿಲ್ಲ. ಆಮೆನ್ ಎಂದರು.